‘ನೋ ಬಾಲ್ ಗೇಮ್ಸ್’ ಬೋರ್ಡ್ ಇರುವ ಜಾಗದಲ್ಲಿ ಮಕ್ಕಳು ಆಡಿದರೆ ದಂಡ ಬೀಳುತ್ತದಾ?

ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಿ. ಕೌನ್ಸಿಲ್ (ಅಲ್ಲಿಯ ಸ್ಥಳೀಯ ಆಡಳಿತ) ಕೊಟ್ಟ ಫ್ಲಾಟ್ ಹಿಂದಿನ ಹುಲ್ಲಿನ ಮೇಲೆ ಒಂಬತ್ತು ವರ್ಷದ ಮಗ ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಿದ್ದಾಗ ವಾರ್ಡನ್ ಒಬ್ಬರು ಗೋಡೆಯ ಮೇಲಿನ ‘ನೋ ಬಾಲ್ ಗೇಮ್ಸ್’ (ಇಲ್ಲಿ ಚೆಂಡಾಟ ಆಡಬಾರದು) ಬೋರ್ಡ್ ತೋರಿಸಿ, ಇನ್ನೊಮ್ಮೆ ಕಂಡರೆ ದಂಡ ಹಾಕುತ್ತೇನೆ ಅಂದರು, ಹಾಗೆ ಹಾಕಬಹುದಾ ಅಂತ ಕೇಳಿದ್ದೀರಿ.

ಬರೀ ಬೋರ್ಡಿನ ಆಧಾರದ ಮೇಲೆ ಹಾಕಲು ಬರುವುದಿಲ್ಲ. ಅಂಥ ಬೋರ್ಡುಗಳಲ್ಲಿ ಹೆಚ್ಚಿನವು ಜಾಗದ ಮಾಲೀಕರಾಗಿ ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್‌ನವರು (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆಯವರು) ತಗುಲಿಸಿದ ಸೂಚನೆಗಳು, ಅಷ್ಟೆ. ದಂಡ ಹಾಕಬೇಕಾದರೆ ಬೋರ್ಡಿನ ಹಿಂದೆ ಒಂದು ಬೈಲಾ (ಕೌನ್ಸಿಲ್ ಮಾಡುವ ಸ್ಥಳೀಯ ಕಾನೂನು) ಇರಬೇಕು, ಇಲ್ಲವೇ 2014ರ ಸಮಾಜವಿರೋಧಿ ವರ್ತನೆ ಕಾಯ್ದೆಯಡಿ ಹೊರಡಿಸಿದ ‘ಪಬ್ಲಿಕ್ ಸ್ಪೇಸಸ್ ಪ್ರೊಟೆಕ್ಷನ್ ಆರ್ಡರ್’, ಅಂದರೆ ಒಂದು ಸಾರ್ವಜನಿಕ ಜಾಗದಲ್ಲಿ ಇಂಥದ್ದು ಮಾಡಬಾರದು ಎಂಬ ಕೌನ್ಸಿಲ್ ಆದೇಶ, ಇರಬೇಕು. ಈ ಆರ್ಡರನ್ನು ಕೌನ್ಸಿಲ್ ಮನಸ್ಸಿಗೆ ಬಂದ ಹಾಗೆ ಹೊರಡಿಸುವಂತಿಲ್ಲ. ಆ ವರ್ತನೆಯಿಂದ ಸುತ್ತಲಿನವರ ಬದುಕಿಗೆ ತೊಂದರೆ ಆಗುತ್ತಿರಬೇಕು, ಅದು ಮತ್ತೆ ಮತ್ತೆ ನಡೆಯುತ್ತಿರಬೇಕು, ಸಮಂಜಸವಲ್ಲದ್ದೂ ಆಗಿರಬೇಕು. ಮೊದಲು ಜನರ ಅಭಿಪ್ರಾಯ ಕೇಳಬೇಕು, ಆರ್ಡರನ್ನು ಪ್ರಕಟಿಸಬೇಕು. ಒಂದು ಆರ್ಡರಿನ ಆಯುಸ್ಸು ಹೆಚ್ಚೆಂದರೆ 3 ವರ್ಷ. ಮುಂದುವರಿಸದಿದ್ದರೆ ಅದು ಸತ್ತಂತೆ, ಬೋರ್ಡ್ ಮಾತ್ರ ಗೋಡೆಯ ಮೇಲೆ ಉಳಿದಿರುತ್ತದೆ.

ಇನ್ನೂ ದೊಡ್ಡ ಮಾತೊಂದಿದೆ. ಇಂಗ್ಲೆಂಡಿನಲ್ಲಿ 10 ವರ್ಷ ತುಂಬದ ಮಗುವಿನ ಮೇಲೆ ಯಾವ ಅಪರಾಧವನ್ನೂ ಹೊರಿಸುವಂತಿಲ್ಲ. ನಿಮ್ಮ ಮಗನಿಗೆ ಒಂಬತ್ತು. ಅವನ ಹೆಸರಿಗೆ ದಂಡದ ನೋಟಿಸ್ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಅಷ್ಟು ಚಿಕ್ಕ ಹುಡುಗನನ್ನು ಯೂನಿಫಾರ್ಮ್ ಹಾಕಿದವರು ಹೆದರಿಸುವುದೇ ನನಗೆ ಸಿಟ್ಟು ತರಿಸುತ್ತದೆ.

ಇನ್ನೊಮ್ಮೆ ಯಾರಾದರೂ ಬಂದರೆ ವಾದಕ್ಕೆ ಇಳಿಯಬೇಡಿ. ‘ಯಾವ ಆರ್ಡರ್, ಯಾವ ತಾರೀಖಿನದು, ಯಾವ ಷರತ್ತು?’ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಆಮೇಲೆ ಕೌನ್ಸಿಲ್‌ಗೆ ಒಂದು ಎಫ್‌ಒಐ (ಫ್ರೀಡಂ ಆಫ್ ಇನ್ಫರ್ಮೇಷನ್) ಅರ್ಜಿ ಹಾಕಿ. ನಮ್ಮ ಆರ್‌ಟಿಐ ಇದ್ದ ಹಾಗೆ, ಇಮೇಲ್ ಸಾಕು, 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ನಾಲ್ಕೇ ಪ್ರಶ್ನೆ: ಈ ಜಾಗ ಯಾರದು? ಚೆಂಡಾಟ ನಿಷೇಧಿಸುವ ಬೈಲಾ ಅಥವಾ ಆರ್ಡರ್ ಇದೆಯಾ, ಇದ್ದರೆ ಪ್ರತಿ ಕೊಡಿ. ಬೋರ್ಡ್ ಹಾಕಲು ತೀರ್ಮಾನಿಸಿದವರು ಯಾರು, ಯಾವಾಗ? ಕಳೆದ ಎರಡು ವರ್ಷದಲ್ಲಿ ಇಲ್ಲಿಯ ಆಟದ ಬಗ್ಗೆ ಎಷ್ಟು ದೂರು ಬಂದಿವೆ? ‘ಆರ್ಡರ್ ಇಲ್ಲ’ ಎಂದು ಉತ್ತರ ಬಂದರೆ, ಅದನ್ನು ಲಗತ್ತಿಸಿ ಬೋರ್ಡ್ ತೆಗೆಸಿ ಅಂತ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ. ಬೋರ್ಡನ್ನು ನೀವೇ ಕಿತ್ತುಹಾಕಬೇಡಿ, ಅದು ಅವರ ಆಸ್ತಿ.

ದೊಡ್ಡವರ ಹೆಸರಿಗೆ ನೋಟಿಸ್ ಕೊಟ್ಟರೂ ಗಾಬರಿಯಿಂದ ಅಲ್ಲೇ ಹಣ ಕಟ್ಟಬೇಡಿ. ಕಟ್ಟಿದರೆ ವಿಷಯ ಅಲ್ಲಿಗೆ ಮುಗಿದಂತೆ, ಆಮೇಲೆ ಪ್ರಶ್ನಿಸುವುದು ಕಷ್ಟ. ಕಟ್ಟಲು 14 ದಿನ ಇರುತ್ತದೆ, ಅಷ್ಟರೊಳಗೆ ರದ್ದು ಮಾಡಿ ಎಂದು ಕಾರಣ ಕೊಟ್ಟು ಬರೆಯಿರಿ. ಹೀಗೆ ರದ್ದಾದ ಉದಾಹರಣೆಯೂ ಇದೆ. 2017ರಲ್ಲಿ ಪೂರ್ವ ಲಂಡನ್ನಿನಲ್ಲಿ ಐದು ವರ್ಷದ ಹುಡುಗಿ ಮನೆ ಹತ್ತಿರ ನಿಂಬೆ ಪಾನಕ ಮಾರಿದ್ದಕ್ಕೆ ಅಧಿಕಾರಿಗಳು ಅವಳ ಅಪ್ಪನಿಗೆ 150 ಪೌಂಡ್ ದಂಡದ ಚೀಟಿ ಕೊಟ್ಟಿದ್ದರು. ಕೌನ್ಸಿಲ್ ಆಮೇಲೆ ಕ್ಷಮೆ ಕೇಳಿ ವಾಪಸ್ ಪಡೆಯಿತು.

ರಸ್ತೆಯ ಲೆಕ್ಕ ಬೇರೆ. 1980ರ ಹೈವೇಸ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ರಸ್ತೆ ಬಳಸುವವರಿಗೆ ಕಿರಿಕಿರಿ ಆಗುವಂತೆ ಅಲ್ಲಿ ಆಡಿದರೆ ಅಪರಾಧ. ಅಂದರೆ ಅಡಚಣೆ ಆಗಿದ್ದು ರಸ್ತೆಯಲ್ಲಿ ಓಡಾಡುವವರಿಗೆ ಅಂತ ತೋರಿಸಬೇಕು. ಕಿಟಕಿಯಿಂದ ನೋಡಿ ಗೊಣಗುವವರಿಗೆ ಇದು ಅನ್ವಯಿಸುವುದು ಕಷ್ಟ. ಫುಟ್‌ಪಾತ್ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯುವುದೂ ಅದೇ ಕಾಯ್ದೆಯ 132ನೇ ಸೆಕ್ಷನ್ನಿಗೆ ಅಕ್ಷರಶಃ ಸಿಕ್ಕಿಬೀಳಬಹುದು. ಮಳೆಗೆ ತೊಳೆದುಹೋಗುವ ಗೆರೆಗೆ ಕೇಸ್ ಹಾಕುವುದು ನನ್ನ ಪ್ರಕಾರ ಅತಿರೇಕ, ಆದರೂ ಮನೆ ಅಂಗಳದಲ್ಲೇ ಬರೆದರೆ ಯಾರ ತಕರಾರೂ ಇರುವುದಿಲ್ಲ.

ನಿಜವಾಗಿ ಎಚ್ಚರವಹಿಸಬೇಕಾದದ್ದು ನಿಮ್ಮ ಟೆನೆನ್ಸಿ ಅಗ್ರಿಮೆಂಟ್. ಅದರಲ್ಲಿ ನೆರೆಯವರಿಗೆ ಉಪದ್ರವ ಕೊಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ದೂರುಗಳು ರಾಶಿ ಬಿದ್ದರೆ ಮನೆ ಕೊಟ್ಟವರು ನಿಮ್ಮ ಮೇಲೆ ಬರುತ್ತಾರೆ. ಇಂಥ ದೂರುಗಳನ್ನು ಬಿಡಿಸಿ ನೋಡಿದರೆ ತಕರಾರು ಆಟದ ಬಗ್ಗೆ ಇರುವುದಕ್ಕಿಂತ ಸದ್ದಿನ ಬಗ್ಗೆ ಇರುವುದೇ ಹೆಚ್ಚು. ಕಟ್ಟಡದ ಕೊನೆಯ ಗೋಡೆಯನ್ನೇ ವಿಕೆಟ್ ಮಾಡಿಕೊಂಡರೆ ಪ್ರತಿ ಬಾಲಿನ ದಬ್ ದಬ್ ಒಳಗೆ ಮಲಗಿದವರ ತಲೆಗೇ ಬಡಿಯುತ್ತದೆ. ಗೋಡೆಯಿಂದ ದೂರ ಪ್ಲಾಸ್ಟಿಕ್ ಸ್ಟಂಪ್ ನೆಟ್ಟು, ಹಿಂದೆ ಬಲೆ ಕಟ್ಟಿ, ಸ್ಪಂಜಿನ ಬಾಲ್ ಕೊಡಿ. ಬ್ಯಾಟು ಕಾರುಗಳ ಕಡೆ ಮುಖ ಮಾಡದ ಹಾಗೆ ಪಿಚ್ ತಿರುಗಿಸಿ, ಒಡೆದ ಗಾಜಿನ ಖರ್ಚು ಕಾಯ್ದೆಗೆ ಸಂಬಂಧವಿಲ್ಲದೆ ನಿಮ್ಮ ತಲೆಗೇ ಬರಬಹುದು. ಪಕ್ಕದ ಮನೆಯವರಿಗೆ ಆಟದ ಹೊತ್ತು ಮೊದಲೇ ಹೇಳಿಡಿ.

ಜಾಗವೇ ಸಾಲದಿದ್ದರೆ ‘ಪ್ಲೇ ಸ್ಟ್ರೀಟ್’ ಕೇಳಬಹುದು, ಅಂದರೆ ಮಕ್ಕಳ ಆಟಕ್ಕಾಗಿ ಸ್ವಲ್ಪ ಹೊತ್ತು ವಾಹನಗಳಿಗೆ ಮುಚ್ಚಿದ ಬೀದಿ. ಬ್ರಿಟನ್ನಿನಲ್ಲಿ 1938ರಲ್ಲೇ ಇದಕ್ಕೊಂದು ಕಾಯ್ದೆ ಬಂದಿತ್ತು. ಬ್ರಿಸ್ಟಲ್‌ನ ‘ಪ್ಲೇಯಿಂಗ್ ಔಟ್’ ಎಂಬ ಪೋಷಕರ ಗುಂಪು ಈ ರೂಢಿಗೆ ಮತ್ತೆ ಜೀವ ಕೊಟ್ಟಿತು. ಬೀದಿಯವರನ್ನು ಮೊದಲು ಒಪ್ಪಿಸಿ, ಕೌನ್ಸಿಲ್‌ಗೆ ಕೆಲವು ವಾರ ಮುಂಚೆ ಅರ್ಜಿ ಹಾಕಿದರೆ ಎರಡು ಮೂರು ಗಂಟೆ ಬೀದಿ ಮುಚ್ಚಲು ಒಪ್ಪಿಗೆ ಸಿಗುತ್ತದೆ. ಎರಡೂ ತುದಿಯಲ್ಲಿ ಹೊಳೆಯುವ ಜಾಕೆಟ್ ಹಾಕಿದ ದೊಡ್ಡವರು ನಿಲ್ಲಬೇಕು. ಅಲ್ಲೇ ವಾಸಿಸುವವರ ಕಾರು ಬಂದರೆ ಸೀಟಿ ಊದಿ ಮಕ್ಕಳನ್ನು ಪಕ್ಕಕ್ಕೆ ಕರೆದು, ಕಾರಿನ ಮುಂದೆ ನಡೆದು ಒಳಗೆ ಬಿಡಬೇಕು.