ಹನ್ನೆರಡು ವರ್ಷ ದಾಟಿದ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹಾಕಿಸುವುದು ದಂಡವೇ?

ಡೊಂಬಿವಲಿಯ ಮನೆಯಲ್ಲಿ ಅಪ್ಪ ಬಳಸುವ 2012ರ ಡೆಸ್ಕ್‌ಟಾಪ್, ಎರಡನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 10. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಬರೆಯುತ್ತಾ ಬ್ರೌಸರ್ ತೆರೆದರೆ ಎಲ್ಲವೂ ನಿಂತುಬಿಡುತ್ತದೆ, ರ‍್ಯಾಮ್ ಹಾಕಿಸಲೋ ಹೊಸದೇ ತರಲೋ ಎಂದು ಕೇಳಿದ್ದೀರಿ. ಹಾಕಿಸಿ. ಅಪ್ಪನಿಗೆ ಕೈ ಕೂತಿರುವ ಯಂತ್ರವನ್ನು ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ. ಹಾಗೆ ನೋಡದೆ ಹೋಗಿ ನಾನು ಒಂದು ದಿನ, ಒಂದಿಷ್ಟು ದುಡ್ಡು ಕಳೆದುಕೊಂಡಿದ್ದೇನೆ.

ಚೆಂಬೂರಿನಲ್ಲಿ ನನ್ನ ಸೋದರಮಾವನ ಹೋಟೆಲಿದೆ. ಗಲ್ಲಾದ ಬಿಲ್ಲಿಂಗ್ ಕಂಪ್ಯೂಟರ್ ನಿಮ್ಮದರ ಓರಗೆಯದೇ. ಮಧ್ಯಾಹ್ನದ ಊಟದ ಹೊತ್ತಿಗೆ ಬಿಲ್ ಹೊರಬರಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿತ್ತು, ಗಲ್ಲಾದ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ನಾನು ಮುಂಬಯಿಯ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ "ಡಿಡಿಆರ್3, 8 ಜಿಬಿ ಕೊಡಿ" ಎಂದೆ. ಡಿಡಿಆರ್3 ಅಂದರೆ ಆ ಕಾಲದ ಯಂತ್ರಗಳಿಗೆ ಹೊಂದುವ ರ‍್ಯಾಮ್ ಬಗೆ. ಬೇರೆ ಕಡೆಗಿಂತ ಅಗ್ಗಕ್ಕೆ ಸಿಕ್ಕಿತು. "ಚಲ್ ಜಾಯೇಗಾ" (ನಡೆಯುತ್ತದೆ) ಅಂದ ಅಂಗಡಿಯವ. ತಂದು ಹಾಕಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು, ಒಳಗಿನಿಂದ ಬೀಪ್ ಬೀಪ್. ರ‍್ಯಾಮ್ ಕಡ್ಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ ಸ್ಟಿಕರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಎಂಡಿ (ಇಂಟೆಲ್‌ನಂತೆ ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ) ಎಂದಿತ್ತು. ಡಿಡಿಆರ್3ರಲ್ಲಿ ಹೀಗೆ ಎಎಂಡಿ ಮದರ್‌ಬೋರ್ಡಿಗೆ ಮಾತ್ರ ಹೊಂದುವ ಕಡ್ಡಿಗಳಿವೆ. ಅವುಗಳ ಚಿಪ್‌ಗಳ ಒಳಜೋಡಣೆಯೇ ಬೇರೆ, ಆ ಕಾಲದ ಇಂಟೆಲ್ ಪ್ರೊಸೆಸರ್‌ಗಳಿಗೆ ಅದನ್ನು ಓದಲು ಬರುವುದಿಲ್ಲ. ಅಂಗಡಿಯವ ವಾಪಸ್ ತೆಗೆದುಕೊಳ್ಳಲಿಲ್ಲ. ನಿಮ್ಮದು ಇಂಟೆಲ್, ಹಾಗಾಗಿ ಕಡ್ಡಿ ಇಂಟೆಲ್‌ಗೆ ಹೊಂದುತ್ತದೆಯೇ ಎಂಬ ಈ ಒಂದನ್ನು ಖಂಡಿತ ಕೇಳಿಕೊಳ್ಳಿ.

ಈಗ ನಿಮ್ಮ ಯಂತ್ರದ ವಿಷಯ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ನಿಂತುಹೋಗುವ ಹೊತ್ತಿಗೆ ಮೆಮೊರಿ (ಅಂದರೆ ರ‍್ಯಾಮ್) ಮತ್ತು ಡಿಸ್ಕ್ ಎರಡನ್ನೂ ನೋಡಿ. ಮೆಮೊರಿ ಶೇಕಡಾ 90ರ ಸುತ್ತ, ಡಿಸ್ಕ್ 100 ತೋರಿಸಿದರೆ ರೋಗ ಸಿಕ್ಕಿದ ಹಾಗೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಒಳಗಿದ್ದುದನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ತಿರುಗುವ ಡಿಸ್ಕಿನಿಂದ ಒಂದು ತುಣುಕು ತರಲು ಬೇಕಾಗುವ ಹೊತ್ತು ರ‍್ಯಾಮ್‌ಗೆ ಬೇಕಾಗುವುದಕ್ಕಿಂತ ಸುಮಾರು ಲಕ್ಷ ಪಟ್ಟು ಹೆಚ್ಚು. ಅಪ್ಪ ಬ್ರೌಸರ್ ಒತ್ತಿ ಕಾಯುತ್ತಾ ಕೂರುವುದು ಇದಕ್ಕೇ. ಅದೇ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಕಡ್ಡಿ ಕೂರುವ ಸ್ಲಾಟ್ ಎಷ್ಟು ಇವೆ, ಎಷ್ಟು ತುಂಬಿವೆ, ವೇಗ ಎಷ್ಟು ಎಂಬುದೂ ಬರೆದಿರುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿ. 2 ಜಿಬಿ ಯಂತ್ರಗಳಿಗೆ ಹೆಚ್ಚಾಗಿ 32 ಬಿಟ್ ಹಾಕಿಕೊಡುತ್ತಿದ್ದರು. ಅದರಲ್ಲಿ ನೀವು 8 ಜಿಬಿ ಕೂರಿಸಿದರೂ ಬಳಕೆಗೆ ಸಿಗುವುದು 3 ಚಿಲ್ಲರೆ ಜಿಬಿ ಮಾತ್ರ. 64ಕ್ಕೆ ಹೋಗಬೇಕೆಂದರೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು, ಬೇರೆ ದಾರಿಯಿಲ್ಲ. ಅಪ್ಪ ಬರೆದದ್ದೆಲ್ಲ ಮೊದಲು ಪೆನ್‌ಡ್ರೈವಿಗೆ ಬರಲಿ. ನುಡಿಯಲ್ಲಿ ಬರೆದ ಹಳೆಯ ಕಡತಗಳಿಗೆ ಅದರ ಫಾಂಟ್‌ಗಳೂ ಬೇಕು, ಅವನ್ನೂ ಜೊತೆಗೆ ಇಟ್ಟುಕೊಳ್ಳಿ.

ಬೋರ್ಡಿನ ಹೆಸರು ಸ್ಲಾಟುಗಳ ಆಸುಪಾಸಿನಲ್ಲೇ ಅಚ್ಚಾಗಿರುತ್ತದೆ. ನಿಮ್ಮ ಕಾಲದ ಐ3ಗೆ ಬಹಳವಾಗಿ ಬರುತ್ತಿದ್ದುದು ಎಚ್61 ಎಂಬ ಬಗೆಯ ಬೋರ್ಡ್. ಅದಾದರೆ ಎರಡು ಸ್ಲಾಟ್, ಒಂದಕ್ಕೆ 8ರಂತೆ ಒಟ್ಟು 16 ಜಿಬಿ ತನಕ ತೆಗೆದುಕೊಳ್ಳುತ್ತದೆ. ನಿಮ್ಮ ಪ್ರೊಸೆಸರ್‌ಗೆ ಬೇಕಾದ ವೇಗ 1333. ಸ್ಟಿಕರಿನ ಮೇಲೆ ಪಿಸಿ3-10600 ಎಂದಿರುತ್ತದೆ. 1600ರ ಕಡ್ಡಿ ಸಿಕ್ಕರೂ ತೊಂದರೆಯಿಲ್ಲ, 1333ಕ್ಕೆ ಇಳಿದು ಓಡುತ್ತದೆ. ಡಿಡಿಆರ್4 ಕೂರುವುದೇ ಇಲ್ಲ, ಅದರ ಸೀಳು ಬೇರೆ ಜಾಗದಲ್ಲಿದೆ. ಲ್ಯಾಪ್‌ಟಾಪಿನ ಕಡ್ಡಿ ಗಿಡ್ಡ, ಅದೂ ಆಗುವುದಿಲ್ಲ. ನನ್ನನ್ನು ಕೇಳಿದರೆ 4 ಜಿಬಿಯ ಎರಡು ತನ್ನಿ. ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ಎರಡೂ ದಾರಿ (ಚಾನೆಲ್) ದುಡಿಯುತ್ತವೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮಂಥ ಯಂತ್ರಕ್ಕೆ ಅದರಿಂದ ಲಾಭ. ಖರ್ಚು ಹೆಚ್ಚಾಯಿತೆನಿಸಿದರೆ ಹಳೆಯ 2ರ ಪಕ್ಕ ಒಂದು 4 ಹಾಕಿ. 6 ಜಿಬಿಯಲ್ಲೂ ನುಡಿ, ಬ್ರೌಸರ್ ಒಟ್ಟಿಗೆ ನಡೆಯುತ್ತವೆ.

ಹಳೆಯ ಕಡ್ಡಿಯನ್ನೇ ಒಂದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೊರಡಿ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡ್, ಅಲ್ಲಿ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್ ನಡೆಯುವಷ್ಟೇ ದೂರ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಡಿಡಿಆರ್3 ಬಹುಪಾಲು ಯಾವುದೋ ಯಂತ್ರದಿಂದ ಬಿಚ್ಚಿದ ಮಾಲೇ. ಅದರಲ್ಲಿ ತಪ್ಪಿಲ್ಲ, ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ. ಆದರೆ ಬಿಲ್ಲಿನ ಮೇಲೆ ಬೋರ್ಡಿನ ಹೆಸರು ಬರೆಸಿ, "ನಡೆಯದಿದ್ದರೆ ವಾಪಸ್" ಎಂದು ಸಹಿ ಹಾಕಿಸಿ. ಎರಡನೇ ಸಲ ನಾನು ಹಾಗೇ ಮಾಡಿದೆ, ಆ ಕಡ್ಡಿ ಈಗಲೂ ಗಲ್ಲಾದಲ್ಲಿ ದುಡಿಯುತ್ತಿದೆ.

ಹಾಕುವುದು ಕಷ್ಟವಲ್ಲ. ವಯರ್ ಕಿತ್ತು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಮಾವನ ಯಂತ್ರದಲ್ಲಿ ಧೂಳಿನ ಜೊತೆ ಒಗ್ಗರಣೆಯ ಜಿಡ್ಡೂ ಸೇರಿ ಸ್ಲಾಟಿನ ಸುತ್ತ ಕಂದು ಅಂಟು ಕಟ್ಟಿತ್ತು, ಹಲ್ಲುಜ್ಜುವ ಒಣ ಬ್ರಶ್ಶಿನಿಂದ ಮೆಲ್ಲಗೆ ಬಿಡಿಸಿದೆ. ಮುಂಬಯಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕಡ್ಡಿಯ ಹೊನ್ನಿನ ಹಲ್ಲುಗಳು ಮಂಕಾಗುತ್ತವೆ. ಪೆನ್ಸಿಲಿನ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ರಬ್ಬರಿನ ಚೂರು ಪೂರ್ತಿ ಊದಿ ತೆಗೆಯಿರಿ. ಸೀಳು ಹೊಂದಿಸಿಟ್ಟು ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬದಿಯ ಕೊಕ್ಕೆಗಳು ತಾವಾಗಿ ಟಕ್ ಎಂದು ಮುಚ್ಚಬೇಕು. ಮುಚ್ಚದಿದ್ದರೆ ಕೂತಿಲ್ಲ ಎಂದೇ ಅರ್ಥ. ಬಿಚ್ಚಿದ ಮೇಲೆ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ, ಇಷ್ಟು ವರ್ಷಕ್ಕೆ ಅದು ಸೋತಿರುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿ, ಒಂದೇ ಒಂದು ತಪ್ಪು ಕಂಡರೂ ಕಡ್ಡಿ ಬದಲಿಸಿಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತೆಯ ಅಪ್‌ಡೇಟ್‌ಗಳು ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಎಷ್ಟು ರ‍್ಯಾಮ್ ಹಾಕಿದರೂ ಅದು ಬದಲಾಗದು. ಬರವಣಿಗೆ, ಓದು ಅದರಲ್ಲೇ ಆಗಲಿ. ಅಪ್ಪನ ಪಿಂಚಣಿ ಖಾತೆ, ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಅದರಲ್ಲಿ ಒತ್ತುವುದು ಬೇಡ.

ಪೆಟ್ಟಿಗೆ ಬಿಚ್ಚಿದ ಮೇಲೆ ಬೋರ್ಡಿನ ಹೆಸರು, ಕಡ್ಡಿಯ ಸ್ಟಿಕರ್ ಎರಡರ ಫೋಟೋ ಹಾಕಿ. ಯಾವುದು ಹೊಂದುತ್ತದೆಂದು ನೋಡಿ ಹೇಳುತ್ತೇನೆ.