ಎಣ್ಣೆ ಮುಖಕ್ಕೂ ಮಾಯಿಶ್ಚರೈಸರ್ ಬೇಕಾ?

ಪ್ರಶ್ನೆ: ನನಗೆ 21 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಮೊಡವೆಗೆ ಡಾಕ್ಟರು ಅಡಾಪಲೀನ್ ಜೆಲ್ ಕೊಟ್ಟಿದ್ದಾರೆ, ಜೊತೆಗೆ ಮಾಯಿಶ್ಚರೈಸರ್ ಹಚ್ಚಲು ಹೇಳಿದ್ದಾರೆ. ನಾನು ಜೆಲ್ ಮಾತ್ರ ಹಚ್ಚುತ್ತಿದ್ದೇನೆ. ಎರಡು ವಾರಕ್ಕೇ ಬಾಯಿಯ ಸುತ್ತ ಸಿಪ್ಪೆ ಏಳುತ್ತಿದೆ, ಉರಿಯೂ ಇದೆ. ಮೊದಲೇ ಎಣ್ಣೆ ಮುಖ, ಅದರ ಮೇಲೆ ಕ್ರೀಮ್ ಮೆತ್ತಿದರೆ ಮೊಡವೆ ಜಾಸ್ತಿಯಾಗುತ್ತದೆ ಅಂತ ಅಮ್ಮ ಬೇಡ ಅನ್ನುತ್ತಾರೆ. ಈ ಮಳೆಯಲ್ಲಿ ಮುಖವೆಲ್ಲ ಅಂಟು ಬೇರೆ. ಏನು ಮಾಡಲಿ?

ಉತ್ತರ: ಹಚ್ಚಿ. ಅಮ್ಮನ ಅನುಮಾನ ಸಹಜವೇ, ಆದರೆ ಎಣ್ಣೆ ಬೇರೆ, ಚರ್ಮದೊಳಗಿನ ನೀರಿನ ಪಸೆ ಬೇರೆ. ಮೇಲೆ ಜಿಡ್ಡು ಮಿನುಗುತ್ತಿದ್ದರೂ ಚರ್ಮ ಒಣಗಿರಬಹುದು. ಅಡಾಪಲೀನ್ ಶುರುವಿನ ವಾರಗಳಲ್ಲಿ ಮೇಲ್ಪದರವನ್ನು ಸಡಿಲ ಮಾಡುತ್ತದೆ. ನಿಮ್ಮ ಸಿಪ್ಪೆ, ಉರಿ ಅದರದ್ದೇ. ಉರಿ ತಾಳಲಾರದೆ ಜೆಲ್ ಬಿಟ್ಟುಬಿಡುವವರೂ ಇದ್ದಾರೆ. ಮಾಯಿಶ್ಚರೈಸರ್ ಮೊಡವೆ ವಾಸಿ ಮಾಡುವ ಔಷಧಿಯಲ್ಲ, ಔಷಧಿ ಬಿಡದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಆ ಜೆಲ್‌ನ ಪೂರ್ತಿ ಗುಣ ಕಾಣಲು 8ರಿಂದ 12 ವಾರ ಬೇಕು. ಮೊದಮೊದಲು ಮೊಡವೆ ಸ್ವಲ್ಪ ಹೆಚ್ಚಾದಂತೆ ಕಂಡರೂ ಗಾಬರಿ ಬೇಡ.

ಈಗ ಮುಖ ತುಂಬ ಉರಿಯುತ್ತಿದ್ದರೆ ಮೂರ್ನಾಲ್ಕು ದಿನ ಜೆಲ್ ನಿಲ್ಲಿಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚಿ. ಆಮೇಲೆ ರಾತ್ರಿ ಬಿಟ್ಟು ರಾತ್ರಿ ಜೆಲ್ ಶುರು ಮಾಡಿ. ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಲ್ಲಿ ತೊಳೆದು, ಟವೆಲ್ ಉಜ್ಜದೆ ಒತ್ತಿ ಒರೆಸಿ. ಮೂಗಿನ ಮೂಲೆ, ಬಾಯಿಯ ಅಂಚು, ಕಣ್ಣಿನ ಸುತ್ತ ಮೊದಲೇ ಮಾಯಿಶ್ಚರೈಸರ್ ಸವರಿಬಿಡಿ, ಸಿಪ್ಪೆ ಏಳುವುದು ಅಲ್ಲೇ. ಇಡೀ ಮುಖಕ್ಕೂ ತೆಳ್ಳಗೆ ಹಚ್ಚಿ. ಅದು ಪೂರ್ತಿ ಒಣಗಿದ ಮೇಲೆ ಜೆಲ್. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಪ್ರಮಾಣ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ. ಬೇಕಿದ್ದರೆ ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್.

ಕೊಳ್ಳುವಾಗ ಬೆಲೆಗಿಂತ ಲೇಬಲ್ ನೋಡಿ. ‘ನಾನ್ ಕೊಮೆಡೋಜೆನಿಕ್’ ಅಂತ ಇರಲಿ, ಅಂದರೆ ರಂಧ್ರ ಕಟ್ಟದ ಹಾಗೆ ತಯಾರಿಸಿದ್ದು. ಪಸೆ ಹಿಡಿದಿಡುವ ಗ್ಲಿಸರಿನ್, ಸೆರಮೈಡ್ ಇದ್ದರೆ ಒಳ್ಳೆಯದು. ಘಮಘಮ ಅನ್ನುವುದು ಬೇಡ. ಮಲೆನಾಡಿನ ಮಳೆಗಾಲಕ್ಕೆ ಜೆಲ್ ರೂಪದ ಮಾಯಿಶ್ಚರೈಸರ್ ಸಾಕು, ಅಂಟುವುದಿಲ್ಲ. ಚಳಿಗಾಲದಲ್ಲಿ ಮುಖ ಬಿರಿಯತೊಡಗಿದಾಗ ಲೋಷನ್‌ಗೆ ಬದಲಾಯಿಸಿ. ಬೆಳಿಗ್ಗೆ ಅದರ ಮೇಲೆ ಸನ್‌ಸ್ಕ್ರೀನ್, ಮೋಡವಿದ್ದರೂ.

ಮಾಯಿಶ್ಚರೈಸರ್ ಬದಲು ಕೊಬ್ಬರಿ ಎಣ್ಣೆ ಸವರೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ! ಮೊಡವೆ ಬರುವ ಮುಖಕ್ಕೆ ಅದು ಬೇಡ, ರಂಧ್ರ ಕಟ್ಟುತ್ತದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೂ ಅದೇ ಕಥೆ, ಕೂದಲ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು. ಎಣ್ಣೆ ಹಚ್ಚಲೇಬೇಕೆಂದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ತೊಳೆದುಬಿಡಿ. ಊರಿಗೆ ಹೋದಾಗ ಬಚ್ಚಲ ಹಂಡೆಯ ಕುದಿನೀರನ್ನೂ ಮುಖಕ್ಕೆ ಹುಯ್ದುಕೊಳ್ಳಬೇಡಿ, ಉಗುರು ಬೆಚ್ಚಗಿದ್ದರೆ ಸಾಕು. ನಿಂಬೆಹುಳಿ, ಟೂತ್‌ಪೇಸ್ಟ್ ಎರಡೂ ಬೇಡ.

ಒಂದು ಎಚ್ಚರಿಕೆ. ಬೆಳ್ಳಗಾಗಲು ಅಂತ ಅಂಗಡಿಯವರು ಡಾಕ್ಟರ ಚೀಟಿಯಿಲ್ಲದೆ ಕೊಡುವ ಕೆಲವು ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವಾರದಲ್ಲಿ ಮುಖ ನುಣುಪಾಗುತ್ತದೆ, ಬಿಟ್ಟ ಕೂಡಲೇ ಕೆಂಪಗಾಗಿ ಮೊಡವೆ ಏಳುತ್ತದೆ. ಅಂಥದ್ದನ್ನು ಈಗಾಗಲೇ ಹಚ್ಚುತ್ತಿದ್ದರೆ ನಿಮ್ಮ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಗರ್ಭಿಣಿಯರು ಅಡಾಪಲೀನ್ ಬಳಸುವಂತಿಲ್ಲ. ಒಳಗೆ ಗಂಟು ಕಟ್ಟಿ ನೋಯುವ, ಕಲೆ ಉಳಿಸುವ ಮೊಡವೆಯಾದರೆ ಮಾಯಿಶ್ಚರೈಸರ್, ಜೆಲ್ ಎರಡೇ ಸಾಲವು. ಮತ್ತೆ ಡಾಕ್ಟರನ್ನು ಕಾಣಿ. ಶಿವಮೊಗ್ಗದಲ್ಲೇ ಇದ್ದೀರಿ, ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ.