ಇಲ್ಲಿ ಡಾಕ್ಟರ್ ನಿಮ್ಮನ್ನೇ ಕೇಳ್ತಾರೆ

ಗರ್ಭಕೋಶ ಇಂಡಿಯಾದಲ್ಲೇ ತೆಗೆಸಿದ್ದು, ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ಆಗಿಲ್ಲ, ಈಗ ಕೆಳಗೆ ಏನೋ ಜಾರಿ ಬರ್ತಿದೆ, ಡಾಕ್ಟರ್ ಎರಡು ಆಪರೇಷನ್ ಹೆಸರು ಹೇಳಿ ಯಾವುದು ಬೇಕು ಅಂತ ನನ್ನನ್ನೇ ಕೇಳ್ತಾರೆ, ಇದೇನು ಪದ್ಧತಿ ಅಂದಿದ್ದೀರಿ. ಇಲ್ಲಿ ಹಾಗೇ ರೀ. ಅವರಿಗೆ ಗೊತ್ತಿಲ್ಲ ಅಂತಲ್ಲ. ಎರಡರ ಒಳಿತು ಕೆಡುಕು ಬೇರೆ ಬೇರೆ, ಅನುಭವಿಸುವವರು ನೀವು.

ಗರ್ಭಕೋಶ ಇಲ್ಲದವರಲ್ಲಿ ಯೋನಿಯ ಮೇಲ್ತುದಿಯೇ ಕೆಳಗೆ ಜಾರಬಹುದು. ಸ್ಯಾಕ್ರೋಕಾಲ್ಪೊಪೆಕ್ಸಿ ಅಂದರೆ ಹೊಟ್ಟೆ ಕಡೆಯಿಂದ, ಹೆಚ್ಚಾಗಿ ಕೀಹೋಲ್‌ನಲ್ಲಿ (ಸಣ್ಣ ಸಣ್ಣ ತೂತು ಮಾಡಿ), ಆ ತುದಿಗೆ ಮೆಶ್, ಅಂದರೆ ಪ್ಲಾಸ್ಟಿಕ್ ಬಲೆ, ಹೊಲಿದು ಬೆನ್ನುಮೂಳೆಯ ಕೆಳಭಾಗಕ್ಕೆ ಕಟ್ಟುವುದು. ಮತ್ತೆ ಜಾರುವ ಸಂಭವ ಕಡಿಮೆ, ಗಂಡ ಹೆಂಡತಿ ಸೇರುವಾಗ ನೋವಾಗುವುದೂ ಕಡಿಮೆ. ಆದರೆ ಆಪರೇಷನ್‌ಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಮೆಶ್ ಒಳಗೇ ಉಳಿಯುತ್ತದೆ, ಕೆಲವರಿಗೆ ವರ್ಷಗಳಾದ ಮೇಲೂ ಅದು ಯೋನಿಯ ಗೋಡೆ ಕೊರೆದು ಹೊರಬರಬಹುದು.

ಇನ್ನೊಂದು ಸ್ಯಾಕ್ರೋಸ್ಪೈನಸ್ ಫಿಕ್ಸೇಷನ್. ಯೋನಿಯ ಮೂಲಕವೇ ಮಾಡುತ್ತಾರೆ, ಬರೀ ಹೊಲಿಗೆ, ಹೊಟ್ಟೆ ಮೇಲೆ ಗಾಯವಿಲ್ಲ, ಬೆನ್ನಿಗೆ ಇಂಜೆಕ್ಷನ್ ಕೊಟ್ಟೂ ಮಾಡಬಹುದು. ಕೆಲವು ವಾರ ಪೃಷ್ಠದ ಒಂದು ಕಡೆ ನೋವಿರಬಹುದು. ಮುಂದಿನ ಗೋಡೆ, ಅಂದರೆ ಮೂತ್ರಕೋಶದ ಕಡೆ, ಮತ್ತೆ ಇಳಿಯುವುದುಂಟು. ಯೋನಿಯನ್ನೇ ಮುಚ್ಚುವ ಆಪರೇಷನ್ ಕೂಡ ಇದೆ, ಮುಂದೆ ಸಂಭೋಗ ಬೇಡವೇ ಬೇಡ ಅನ್ನುವವರಿಗೆ ಮಾತ್ರ.

ಮೆಶ್ ಅಂದ ತಕ್ಷಣ ಹೆದರಬೇಡಿ, ಹಾಗಂತ ಸುಮ್ನೆ ತಲೆಯಾಡಿಸಲೂ ಬೇಡಿ. ಯೋನಿಯ ಮೂಲಕ ಹಾಕುತ್ತಿದ್ದ ಮೆಶ್‌ನಿಂದ ಎಷ್ಟೋ ಹೆಂಗಸರು ನರಳಿದರು, 2018ರಲ್ಲಿ ಇಲ್ಲಿ ಅದಕ್ಕೆ ತಡೆ ಬಿತ್ತು. ನಿಮಗೆ ಹೇಳಿರುವುದು ಹೊಟ್ಟೆ ಕಡೆಯಿಂದ ಹಾಕುವುದು, ಅದು ಬೇರೆ. ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ತೊಂದರೆಯಾದರೆ ಮೆಶ್ ತೆಗೆಯುವವರು ಯಾರು ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಜಾರಿದ್ದು ಸರಿಯಾದ ಮೇಲೆ ಕೆಮ್ಮಿದಾಗ ಮೂತ್ರ ಸೋರುವುದು ಹೊಸದಾಗಿ ಶುರುವಾಗಬಹುದು, ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಅವಸರವೂ ಇಲ್ಲ. ಸ್ವಲ್ಪವೇ ಜಾರಿದ್ದರೆ ಮೊದಲು ಫಿಸಿಯೋ ಜೊತೆ ಕನಿಷ್ಠ 16 ವಾರ ಕೆಳಗಿನ ಸ್ನಾಯುಗಳನ್ನು ಬಿಗಿಗೊಳಿಸುವ ವ್ಯಾಯಾಮ ಅನ್ನುವುದು ಇಲ್ಲಿನ ಮಾರ್ಗಸೂಚಿ. ಪೆಸರಿ, ಅಂದರೆ ಜಾರದಂತೆ ಯೋನಿಯೊಳಗೆ ಆಸರೆಯಾಗಿ ಇಡುವ ಸಾಧನ, ಇಟ್ಟುಕೊಂಡೂ ನೋಡಬಹುದು.

ಇಂಗ್ಲಿಷ್‌ನಲ್ಲಿ ಇದೆಲ್ಲ ಹೇಳಿಕೊಳ್ಳಲು ಕಷ್ಟ, ಗಂಡನ ಎದುರು ಕೆಲವು ಮಾತು ಇನ್ನೂ ಕಷ್ಟ, ಅಲ್ವಾ? ಕನ್ನಡ ದುಭಾಷಿ ಬೇಕು ಅಂತ ಮುಂಚೆಯೇ ತಿಳಿಸಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಕೆಲಸದಲ್ಲಿದ್ದರೆ ಫಿಟ್ ನೋಟ್ (ರಜೆಗೆ ಕೊಡುವ ವೈದ್ಯರ ಚೀಟಿ) ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ. ಮನೆಗೆ ಹೋದ ಮೇಲೆ ಜಿಪಿ (ನಿಮ್ಮ ಏರಿಯಾದ ಡಾಕ್ಟರ್) ಬಳಿ ಅದಕ್ಕಾಗಿ ಅಲೆಯುವುದು ತಪ್ಪುತ್ತದೆ.